ಸ್ವತಂತ್ರ ಐಟಿ ಸಲಹೆಗಾರರು ಗಂಟೆಯ ಲೆಕ್ಕ ಬಿಟ್ಟು ತಿಂಗಳ ಶುಲ್ಕ ಕೇಳುವುದೇಕೆ?

ಗಂಟೆಯ ಲೆಕ್ಕದಲ್ಲಿ ಸಲಹೆಗಾರರಿಗೆ ಆದಾಯ ಬರುವುದು ಬಹುಮಟ್ಟಿಗೆ ನಿಮ್ಮ ವ್ಯವಸ್ಥೆ ಕೆಟ್ಟಾಗ. ತಿಂಗಳಿಗೆ ಇಷ್ಟೆಂದು ಗೊತ್ತುಪಡಿಸಿಕೊಂಡರೆ, ಅದು ಕೆಡದಂತೆ ನೋಡಿಕೊಳ್ಳುವುದೇ ಅವರಿಗೂ ಲಾಭ. ಸಣ್ಣ ಸಂಸ್ಥೆಗಳು ಪೆಟ್ಟು ತಿನ್ನುವುದು ಹೆಚ್ಚಾಗಿ ಯಾರೂ ಕರೆದು ಹೇಳದ ಕೆಲಸಗಳು ಬಾಕಿ ಉಳಿದಾಗ. ಬ್ಯಾಕಪ್ ಮುಗಿಯಿತೆಂದು ಪರದೆಯ ಮೇಲೆ ದಿನವೂ ಕಾಣುತ್ತಿದ್ದರೂ, ಅದರಿಂದ ಒಂದು ಕಡತವನ್ನಾದರೂ ಮರಳಿ ಪಡೆದು ತೆರೆದು ನೋಡುವವರೆಗೆ ಅದು ಉಪಯೋಗಕ್ಕೆ ಬರುತ್ತದೆಯೇ ಎಂಬುದು ಖಚಿತವಾಗುವುದಿಲ್ಲ. ಕೆಲಸ ಬಿಟ್ಟುಹೋದವರ ಖಾತೆಗಳೂ ಹಾಗೆಯೇ ಉಳಿದಿರುತ್ತವೆ. ಗಂಟೆಗೆ ಹಣ ಕೊಡುವ ಮಾಲೀಕರು ಇಂಥವಕ್ಕೆ ಕರೆ ಮಾಡಲು ಸಹಜವಾಗಿಯೇ ಹಿಂಜರಿಯುತ್ತಾರೆ. ಆದರೂ ಶುಲ್ಕದಲ್ಲಿ ಏನೇನು ಸೇರಿದೆ ಎಂಬುದನ್ನು ಬರೆದುಕೊಡದ ತಿಂಗಳ ಒಪ್ಪಂದಕ್ಕಿಂತ, ನನ್ನ ಮಟ್ಟಿಗೆ, ಗಂಟೆಯ ಲೆಕ್ಕವೇ ವಾಸಿ.