ಹಳೆಯ ಜರ್ಮನ್ ಸೇನಾ ಬ್ಯಾಡ್ಜ್ ಪತ್ರವನ್ನು ಕನ್ನಡಕ್ಕೆ ತರುವುದು ಹೇಗೆ?

ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಜರ್ಮನ್ ಸೈನಿಕನಿಗೆ ಬ್ಯಾಡ್ಜ್ ಕೊಟ್ಟ ಪತ್ರ ನಿಮ್ಮ ಬಳಿ ಇದೆ. ಅದರ ತಲೆಯಲ್ಲಿ ‘ಬೆಜಿಟ್ಸ್‌ತ್ಸೊಯ್ಗ್ನಿಸ್’, ನಡುವೆ ‘ಗೆಫ್ರೈಟರ್’ ಮತ್ತು ‘5./ಗ್ರೆನ್. ಆರ್‌ಜಿಟಿ. 19’, ಕೆಳಗೆ ‘ಒ. ಯು., 3.11.42’ ಇದೆ. ಫೋನಿನ ಅನುವಾದ ಮಾತ್ರ ‘ಅಪೂರ್ವ ಗಾಯಕ್ಕಾಗಿ ಎರವಲು ಕೊಡಲಾಗಿದೆ’ ಎನ್ನುತ್ತಿದೆ, ಸರಿಯಾದ ಅನುವಾದ ಹೇಗೆ ಎಂದು ಕೇಳಿದ್ದೀರಿ.

ತಪ್ಪಿರುವುದು ಎರಡು ಪದಗಳಲ್ಲಿ. ‘ಫೆರ್‌ಲೈಯನ್’ ಎಂಬ ಕ್ರಿಯಾಪದಕ್ಕೆ ಎರವಲು ಕೊಡುವುದು, ಗೌರವವನ್ನು ಪ್ರದಾನ ಮಾಡುವುದು ಎಂಬ ಎರಡೂ ಅರ್ಥಗಳಿವೆ. ಪದಕ, ಬ್ಯಾಡ್ಜ್‌ಗಳ ಕಾಗದದಲ್ಲಿ ಎರಡನೆಯದೇ ಸರಿ. ‘ಐನ್‌ಮಾಲಿಗ್’ ಕೂಡ ಹಾಗೆಯೇ: ಅಪೂರ್ವ ಎಂದೂ ಆಗುತ್ತದೆ, ಒಂದು ಸಲದ ಎಂದೂ ಆಗುತ್ತದೆ. ಪತ್ರವನ್ನು ಹತ್ತಿರದಿಂದ ನೋಡಿ. ‘ಮಾಲಿಗೆನ್’ (ಸಲದ) ಅಚ್ಚಾಗಿರುತ್ತದೆ, ಅದರ ಹಿಂದಿನ ಖಾಲಿ ಜಾಗದಲ್ಲಿ ‘ಐನ್’ (ಒಂದು) ಎಂದು ಟೈಪ್ ಮಾಡಿರುತ್ತಾರೆ. ಅದು ಗಾಯಗಳ ಲೆಕ್ಕ. ಒಂದೆರಡು ಸಲ ಗಾಯವಾದರೆ ಕಪ್ಪು ಬ್ಯಾಡ್ಜ್, ಮೂರು ನಾಲ್ಕು ಸಲವಾದರೆ ಬೆಳ್ಳಿ, ಐದು ಅಥವಾ ಹೆಚ್ಚಾದರೆ ಚಿನ್ನದ ಬಣ್ಣದ್ದು. ಕೈಕಾಲು ಅಥವಾ ಕಣ್ಣು ಹೋದಂಥ ಭಾರಿ ಗಾಯವಾದರೆ ಎಣಿಕೆ ತುಂಬದಿದ್ದರೂ ಮೇಲಿನ ದರ್ಜೆ ಸಿಗುತ್ತಿತ್ತು. ಪಕ್ಕದಲ್ಲಿರುವ ‘ಬೆಶೇಡಿಗುಂಗ್’ ಅನ್ನು ಬರೀ ‘ಹಾನಿ’ ಎಂದು ಬರೆದು ಬಿಡಬೇಡಿ, ‘ದೇಹಕ್ಕಾದ ಹಾನಿ’ ಎನ್ನಿ. ಹಿಮಗಾಯವೂ (ಕೊರೆಯುವ ಚಳಿಯಿಂದ ಆಗುವ ಗಾಯ) ಅದರಲ್ಲಿ ಸೇರುತ್ತಿತ್ತು.

ಶೀರ್ಷಿಕೆಯಾದ ‘ಬೆಜಿಟ್ಸ್‌ತ್ಸೊಯ್ಗ್ನಿಸ್’ಗೆ ‘ಸ್ವಾಧೀನ ಪತ್ರ’ ಎಂದು ಬರೆದರೆ ನಮ್ಮವರಿಗೆ ಸೈಟಿನ ಕಾಗದದ ನೆನಪಾಗುತ್ತದೆ. ‘ಬ್ಯಾಡ್ಜ್ ಪಡೆದಿರುವುದರ ದೃಢೀಕರಣ ಪತ್ರ’ ಎನ್ನುವುದೇ ಲೇಸು.

ಇನ್ನು ಅಂಕಿಗಳು. ಹೆಚ್ಚಿನವರು ಎಡವುವುದು ಇಲ್ಲೇ. ಓರೆಗೆರೆಯ ಹಿಂದೆ ‘5.’ ಎಂಬ ಸಾಮಾನ್ಯ ಅಂಕಿ ಇದ್ದರೆ ಅದು ಕಂಪನಿ, ಅಂದರೆ ಸೇನೆಯ ಒಂದು ತುಕಡಿ. ರೋಮನ್ ಅಂಕಿ ಇದ್ದರೆ ಬೆಟಾಲಿಯನ್, ಅಂದರೆ ಹಲವು ಕಂಪನಿಗಳ ಗುಂಪು. ಕಾಲಾಳು ರೆಜಿಮೆಂಟಿನಲ್ಲಿ ಸಾಮಾನ್ಯವಾಗಿ 1ರಿಂದ 4 ಮೊದಲ ಬೆಟಾಲಿಯನ್ನಿಗೆ, 5ರಿಂದ 8 ಎರಡನೆಯದಕ್ಕೆ, 9ರಿಂದ 12 ಮೂರನೆಯದಕ್ಕೆ ಸೇರಿದ ಕಂಪನಿಗಳು. ಹಾಗಾಗಿ ನಿಮ್ಮ ಸೈನಿಕ ಎರಡನೆಯ ಬೆಟಾಲಿಯನ್ನಿನವನು. ಅನುವಾದಿಸುವಾಗ ಆ ಚುಕ್ಕೆ, ಓರೆಗೆರೆಗಳನ್ನು ದಯವಿಟ್ಟು ಕೈಬಿಡಬೇಡಿ. ಅವು ಹೋದರೆ ಆತ ಯಾವ ತುಕಡಿಯವನೆಂಬ ಸುಳಿವೇ ಹೋಗುತ್ತದೆ.

‘ಆರ್‌ಜಿಟಿ.’ ಅಂದರೆ ರೆಜಿಮೆಂಟ್, ‘ಗ್ರೆನ್.’ ಅಂದರೆ ಗ್ರೆನಡೀರ್. 1942ರ ಅಕ್ಟೋಬರ್ 15ರಂದು ಕಾಲಾಳು ರೆಜಿಮೆಂಟುಗಳಿಗೆ ಈ ಹೆಸರಿಟ್ಟರು. ನಿಮ್ಮ ಪತ್ರ ನವೆಂಬರಿನದು, ಹಾಗಾಗಿ ಹೊಂದುತ್ತದೆ. ಇದೇ ರೆಜಿಮೆಂಟಿನ 1941ರ ಪತ್ರದಲ್ಲಿ ಆ ಪದ ಕಂಡರೆ ನಕಲಿಯೇ ಎಂದು ಅನುಮಾನಿಸಬೇಕು.

‘ಒ. ಯು.’ ಊರಿನ ಹೆಸರಲ್ಲ. ‘ಓರ್ಟ್ಸ್‌ಉಂಟರ್‌ಕುನ್ಫ್ಟ್’, ಅಂದರೆ ಪಡೆ ಬೀಡುಬಿಟ್ಟ ಜಾಗ. ಊರಿನ ಹೆಸರು ಬಹಿರಂಗವಾಗದಿರಲೆಂದು ಹೀಗೆ ಬರೆಯುತ್ತಿದ್ದರು. ನಕ್ಷೆಯಲ್ಲಿ ಹುಡುಕಬೇಡಿ.

ದರ್ಜೆಗಳನ್ನು ಜರ್ಮನ್‌ನಲ್ಲೇ ಉಳಿಸಿ, ಪಕ್ಕದಲ್ಲಿ ವಿವರಿಸಿ. ‘ಗೆಫ್ರೈಟರ್’ ಪದದ ಮೂಲ ಅರ್ಥ ‘ಬಿಡುಗಡೆ ಪಡೆದವ’. ಪಹರೆಯಿಂದ ವಿನಾಯಿತಿ ಎಂಬರ್ಥ. ‘ಲ್ಯಾನ್ಸ್ ನಾಯಕ್’ ಎಂದು ಬರೆಯಬೇಡಿ, ಏಕೆಂದರೆ ನಮ್ಮ ಸೇನೆಯಲ್ಲಿ ಅದು ಎನ್‌ಸಿಒ (ಸಿಪಾಯಿಗಿಂತ ಮೇಲಿನ, ಅಧಿಕಾರಿಗಿಂತ ಕೆಳಗಿನ) ದರ್ಜೆ, ಗೆಫ್ರೈಟರ್ ಸಿಪಾಯಿಗಳ ಸಾಲಿನವನು. ‘ಉಂಟರ್‌ಒಫಿತ್ಸೀರ್’ ಎಂಬಲ್ಲಿ ‘ಆಫೀಸರ್’ ಕೇಳಿಸಿದರೂ ಆತ ಅಧಿಕಾರಿಯಲ್ಲ, ಎನ್‌ಸಿಒ. ಹಾಗೆಯೇ ‘ತ್ಸೂಗ್’ ಇಲ್ಲಿ ರೈಲಲ್ಲ, ಪ್ಲಟೂನ್, ಅಂದರೆ ಕಂಪನಿಯೊಳಗಿನ ಸಣ್ಣ ತುಕಡಿ. ‘ಶ್ಟಾಬ್’ ಕೋಲಲ್ಲ, ಕಾರ್ಯಾಲಯದ ಸಿಬ್ಬಂದಿ.

ಕೆಳಗಿನ ಸಹಿಯಲ್ಲಿ ‘ಕಂಪನೀಶೆಫ್’ ಇದ್ದರೆ ಕಾಯಂ ಕಂಪನಿ ಮುಖ್ಯಸ್ಥ, ‘ಕಂಪನೀಫ್ಯೂರರ್’ ಇದ್ದರೆ ಹಂಗಾಮಿ. ಗಾಯದ ಬ್ಯಾಡ್ಜಿನ ಪತ್ರಕ್ಕೆ ಆಸ್ಪತ್ರೆಯ ವೈದ್ಯಾಧಿಕಾರಿ ಸಹಿ ಹಾಕಿರುವುದೂ ಉಂಟು. ಆಗ ದರ್ಜೆಯ ಹೆಸರಿನಲ್ಲಿ ‘ಆರ್ಟ್ಸ್ಟ್’ (ವೈದ್ಯ) ಎಂಬ ತುದಿ ಹುಡುಕಿ. ಅಚ್ಚಿನ ಹಳೆಯ ಲಿಪಿಯಲ್ಲಿ ಉದ್ದನೆಯ ‘ಎಸ್’ ನೋಡಲು ‘ಎಫ್’ ಥರವೇ ಇರುತ್ತದೆ. ಕೈಬರಹವಾದರೆ ‘ಇ’ ಅಕ್ಷರ ‘ಎನ್’ ಥರ ಕಾಣುತ್ತದೆ. 600 ಡಿಪಿಐನಲ್ಲಿ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಹಿಂಬದಿಯನ್ನೂ ಬಿಡಬೇಡಿ. ಮೊಹರಿನಲ್ಲಿ ಐದಂಕಿಯ ಫೀಲ್ಡ್‌ಪೋಸ್ಟ್ (ಸೇನಾ ಅಂಚೆ) ಸಂಖ್ಯೆ ಸಿಕ್ಕರೆ ತುಕಡಿಯನ್ನು ತಾಳೆ ನೋಡಬಹುದು.

ನಿಮ್ಮ ಪತ್ರದ ಸಾರ ಹೀಗೆ ಬರುತ್ತದೆ: ‘19ನೇ ಗ್ರೆನಡೀರ್ ರೆಜಿಮೆಂಟಿನ 5ನೇ ಕಂಪನಿಯ ಗೆಫ್ರೈಟರ್ ಇಂಥವರಿಗೆ, ಒಂದು ಸಲ ಗಾಯಗೊಂಡ ಕಾರಣ, ಕಪ್ಪು ದರ್ಜೆಯ ಗಾಯಾಳು ಬ್ಯಾಡ್ಜನ್ನು ಪ್ರದಾನ ಮಾಡಲಾಗಿದೆ. ಬೀಡು, 3.11.1942.’