ಸೂರಿನ ಹಾಲಕ್ಕಿ ಕೂಗಿದರೆ ಕೇಡೇ?

ಪ್ರಶ್ನೆ: ನಮ್ಮ ಹಳೆಯ ಹೆಂಚಿನ ಮನೆಯ ಸೂರಿನಲ್ಲಿ ಒಂದು ಜೋಡಿ ಹಾಲಕ್ಕಿ ಸೇರಿಕೊಂಡಿದೆ. ಅತ್ತೆಯವರು ಕಾಯಿಲೆಯಿಂದ ಮಲಗಿದ್ದಾರೆ. ಈ ಹೊತ್ತಿನಲ್ಲಿ ಅದು ರಾತ್ರಿ ಕೂಗುವುದು ಸಾವಿನ ಸೂಚನೆ ಎಂದು ನೆರೆಯವರು ಹೇಳುತ್ತಾರೆ. ಓಡಿಸಬೇಕೇ?

ಉತ್ತರ: ದಯವಿಟ್ಟು ಓಡಿಸಬೇಡಿ. ಸುಮಾರು 21 ಸೆಂಟಿಮೀಟರ್ ಉದ್ದದ ಈ ಪುಟ್ಟ ಗೂಬೆಯ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಎರಡು ನಂಬಿಕೆಗಳು ಜೊತೆಯಾಗಿಯೇ ಉಳಿದು ಬಂದಿವೆ. ಮನೆಯ ಮೇಲೆ ಕುಳಿತು ಕೂಗಿದರೆ ಕೇಡು ಎನ್ನುವವರ ಅಂಗಳಕ್ಕೇ ಬೆಳಗಿನ ಜಾವ ಬುಡಬುಡಿಕೆಯವರು ಬಂದು, ಹಾಲಕ್ಕಿ ಶುಭ ನುಡಿಯುತ್ತಿದೆ ಎಂದಾಗ ಅದೇ ಮನೆಯವರು ಭಕ್ತಿಯಿಂದ ಕೇಳಿ, ಮೊರದಲ್ಲಿ ಧಾನ್ಯ ತಂದು ಕೊಡುತ್ತಾರೆ. ಶಕುನವನ್ನು ನಂಬುವುದೇ ಆದರೆ ಈ ಎರಡನೆಯದನ್ನು ಅತ್ತೆಯವರಿಗೆ ನೆನಪಿಸಿ. ಅದೂ ಹಿರಿಯರಿಂದಲೇ ಬಂದದ್ದು.

ಸಾವಿನ ಭಯ ಹುಟ್ಟಿದ್ದಕ್ಕೆ ನನಗೆ ಒಪ್ಪಿಗೆಯಾಗುವ ಕಾರಣವೊಂದಿದೆ. ಕಾಯಿಲೆಯವರಿರುವ ಮನೆಯಲ್ಲಿ ರಾತ್ರಿಯಿಡೀ ದೀಪ ಉರಿಯುತ್ತದೆ, ದೀಪಕ್ಕೆ ಹುಳುಗಳು ಮುತ್ತುತ್ತವೆ, ಹುಳುಗಳನ್ನು ಹಿಡಿಯಲು ಹಾಲಕ್ಕಿ ಬರುತ್ತದೆ. ಬೇರೆ ದಿನಗಳಲ್ಲಿ ನಿದ್ದೆಯಲ್ಲಿ ಕೇಳದೇ ಹೋಗುತ್ತಿದ್ದ ಅದರ ಕರ್ಕಶ ಕೂಗು, ರೋಗಿಯ ಪಕ್ಕದಲ್ಲಿ ಎಚ್ಚರವಾಗಿ ಕುಳಿತವರ ಕಿವಿಗೆ ಬೀಳುತ್ತದೆ. ಮರುದಿನ ಸಾವು ಸಂಭವಿಸಿದರೆ ಆ ಕೂಗು ವರ್ಷಗಟ್ಟಲೆ ನೆನಪಿನಲ್ಲಿ ಉಳಿಯುತ್ತದೆ, ರೋಗಿ ಚೇತರಿಸಿಕೊಂಡರೆ ಯಾರೂ ಅದನ್ನು ನೆನೆಯುವುದಿಲ್ಲ. ವಾಸ್ತವದಲ್ಲಿ ಈ ಹಕ್ಕಿಗಳು ಸಂಜೆ ಮತ್ತು ಮುಂಜಾನೆಯ ಮಬ್ಬಿನಲ್ಲಿ ತಮ್ಮ ನೆಲೆಯನ್ನು ಸಾರಲು, ಜೋಡಿಯನ್ನು ಕರೆಯಲು ಕೂಗುತ್ತವೆ.

ಈ ಭಯಕ್ಕೆ ಬೆಲೆ ತೆರುತ್ತಿರುವುದು ಹಕ್ಕಿಗಳು ಎಂಬುದು ನನ್ನ ನಿಜವಾದ ಸಂಕಟ. ದೀಪಾವಳಿಯ ಸಮಯದಲ್ಲಿ ಮಾಟದ ಹೆಸರಿನಲ್ಲಿ ಗೂಬೆಗಳನ್ನು ಬಲಿ ಕೊಡುವುದು ದೇಶದ ಹಲವೆಡೆ ಇನ್ನೂ ನಿಂತಿಲ್ಲ. ಅವುಗಳನ್ನು ಹಿಡಿಯುವುದಾಗಲಿ, ಕೊಲ್ಲುವುದಾಗಲಿ, ಗೂಡು ಕೆಡಿಸುವುದಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅವು ಮೊಟ್ಟೆಯಿಟ್ಟು ಮರಿ ಮಾಡುವ ಕಾಲವಾದ್ದರಿಂದ, ಹೆಂಚು ಕೈಯಾಡಿಸುವ ಕೆಲಸವಿದ್ದರೆ ಆ ಕಾಲ ಮುಗಿದ ಮೇಲೆ, ಮಳೆಗಾಲಕ್ಕೆ ಮೊದಲು ಮಾಡಿಸಿಕೊಳ್ಳಿ. ಕೂಗಿನಿಂದ ಅತ್ತೆಯವರ ನಿದ್ದೆ ಕೆಡುತ್ತಿದ್ದರೆ ಹೊರಗಿನ ದೀಪವನ್ನು ಆರಿಸಿಡಿ ಅಥವಾ ಅವರ ಹಾಸಿಗೆಯನ್ನು ಇನ್ನೊಂದು ಕೋಣೆಗೆ ಬದಲಿಸಿ. ಇಲಿ ಪಾಷಾಣವನ್ನು ಮಾತ್ರ ಇಡಬೇಡಿ. ವಿಷ ತಿಂದ ಇಲಿಯನ್ನು ಹಿಡಿದು ತಿಂದರೆ ಹಾಲಕ್ಕಿಯೂ ಅದರ ಮರಿಗಳೂ ಸಾಯಬಹುದು.