2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಕೋವಿಡ್‌ಗೆ ಕೋವಿಶೀಲ್ಡ್ ಹಾಕಿಸಿಕೊಂಡ ಪ್ರಯಾಣಿಕರನ್ನು ಲಸಿಕೆ ಪಡೆದವರೆಂದು ಬ್ರಿಟನ್ ಒಪ್ಪದಿದ್ದುದು ಲಸಿಕೆಯ ಪರಿಣಾಮ ಕಡಿಮೆ ಎಂದೇ? ಲಸಿಕೆ ಪಾಸ್‌ಪೋರ್ಟ್, ಅಂದರೆ ಪ್ರಯಾಣಕ್ಕೆ ಲಸಿಕೆಯ ಪ್ರಮಾಣಪತ್ರ ಕೇಳುವುದು, ಸರಿಯಾದ ಕ್ರಮವೇ?

ಮೊದಲ ಪ್ರಶ್ನೆಗೆ ಉತ್ತರ, ಅಲ್ಲ. ಆಕ್ಸ್‌ಫರ್ಡ್–ಆಸ್ಟ್ರಾಜೆನೆಕಾ ಲಸಿಕೆಯನ್ನೇ ಪುಣೆಯ ಸೀರಂ ಸಂಸ್ಥೆ ಕೋವಿಶೀಲ್ಡ್ ಎಂಬ ಹೆಸರಿನಲ್ಲಿ ತಯಾರಿಸಿತು, ಮತ್ತು ವಿಶ್ವ ಆರೋಗ್ಯ ಸಂಸ್ಥೆ 2021ರ ಫೆಬ್ರವರಿ 15ರಂದೇ ಅದರ ತುರ್ತು ಬಳಕೆಗೆ ಒಪ್ಪಿಗೆ ಕೊಟ್ಟಿತ್ತು. ಆ ವರ್ಷದ ಆರಂಭದಲ್ಲಿ ಪುಣೆಯಿಂದ 50 ಲಕ್ಷ ಡೋಸ್ ಬ್ರಿಟನ್ನಿಗೇ ಹೋಗಿತ್ತು ಎಂಬುದನ್ನು ನೆನೆದರೆ ಸೆಪ್ಟೆಂಬರಿನ ಗಲಾಟೆ ವಿಚಿತ್ರವಾಗಿ ಕಾಣುತ್ತದೆ. ಟೀಕೆಯ ನಂತರ ಲಸಿಕೆಯ ಹೆಸರನ್ನು ಪಟ್ಟಿಗೆ ಸೇರಿಸಿದರೂ ಭಾರತದ ಪ್ರಮಾಣಪತ್ರವನ್ನು ಅವರು ಮಾನ್ಯ ಮಾಡಲಿಲ್ಲ; ಅಕ್ಟೋಬರ್ 4ರಿಂದ ಭಾರತವೂ ಬ್ರಿಟಿಷರಿಗೆ ಹತ್ತು ದಿನಗಳ ಕ್ವಾರಂಟೈನ್ ವಿಧಿಸಿತು; 11ರಿಂದ ಬ್ರಿಟನ್ ನಿಯಮ ಸಡಿಲಿಸಿತು. ಅದು ಕಾಗದಪತ್ರದ ಜಗಳವಾಗಿತ್ತೇ ಹೊರತು ವಿಜ್ಞಾನದ್ದಲ್ಲ.

ಆದರೆ ಒಂದೇ ಲಸಿಕೆ ದೇಶದಿಂದ ದೇಶಕ್ಕೆ ಬೇರೆ ಬೇರೆ ಫಲ ತೋರಿಸುವುದು ನಿಜ. ಜಾನ್ಸೆನ್ ಕಂಪನಿಯ ಕೋವಿಡ್ ಲಸಿಕೆಯ ಒಂದೇ ಪ್ರಯೋಗದಲ್ಲಿ ಅಮೆರಿಕದಲ್ಲಿ ಶೇ. 72, ಲ್ಯಾಟಿನ್ ಅಮೆರಿಕದಲ್ಲಿ ಶೇ. 66, ದಕ್ಷಿಣ ಆಫ್ರಿಕಾದಲ್ಲಿ ಶೇ. 57 ರಕ್ಷಣೆ ಕಂಡಿತು. ಆಗ ದಕ್ಷಿಣ ಆಫ್ರಿಕಾದಲ್ಲಿ ಕೊರೊನಾ ವೈರಸ್ಸಿನ ಬೀಟಾ ತಳಿ ಹರಡಿತ್ತು. ಆಸ್ಟ್ರಾಜೆನೆಕಾ ಲಸಿಕೆಯಂತೂ ಅಲ್ಲಿ ಸೌಮ್ಯ ಕಾಯಿಲೆಯನ್ನು ಬಹುಮಟ್ಟಿಗೆ ತಡೆಯಲಿಲ್ಲವಾದ್ದರಿಂದ ಸರ್ಕಾರ ಅದರ ವಿತರಣೆಯನ್ನೇ ನಿಲ್ಲಿಸಿತು. ಯಾವ ತಳಿ, ಎರಡು ಡೋಸ್‌ಗಳ ನಡುವೆ ಎಷ್ಟು ವಾರ, ಯಾವುದನ್ನು ಕಾಯಿಲೆ ಎಂದು ಎಣಿಸಿದರು ಎಂಬುದನ್ನೆಲ್ಲ ನೋಡದೆ ಎರಡು ದೇಶಗಳ ಶೇಕಡಾವಾರನ್ನು ಪಕ್ಕಪಕ್ಕ ಇಡುವುದು ತಪ್ಪು.

ನಾನು ಸಾಗರ ತಾಲ್ಲೂಕಿನವನಾದ್ದರಿಂದ ಈ ಚರ್ಚೆ ಬಂದಾಗಲೆಲ್ಲ ಮಂಗನ ಕಾಯಿಲೆಯ ಲಸಿಕೆ ನೆನಪಾಗುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗಕ್ಕೆ ಕೊಡುತ್ತಿದ್ದ ಲಸಿಕೆಯ ಎರಡು ಡೋಸ್‌ಗಳು 1990ರ ದಶಕದ ಆರಂಭದ ಅಧ್ಯಯನದಲ್ಲಿ ಶೇ. 93ರಷ್ಟು ರಕ್ಷಣೆ ನೀಡಿದ್ದವು. 2005ರಿಂದ 2010ರವರೆಗಿನ ಮಾಹಿತಿಯಲ್ಲಿ ಅದು ಶೇ. 62ಕ್ಕೆ ಇಳಿಯಿತು. ದೇಶ ಬದಲಾಗಲಿಲ್ಲ, ಮಲೆನಾಡೇ ಇತ್ತು. (ನೋವಿನ ಚುಚ್ಚುಮದ್ದು ಬೇರೆ, ಬೂಸ್ಟರ್ ಎಂದರೆ ಊರಿನವರು ತೋಟದ ಕಡೆಗೆ ನಡೆದುಬಿಡುತ್ತಿದ್ದರು.) ಆದರೂ ಈ ಲಸಿಕೆ ಶೇ. 93 ಕೆಲಸ ಮಾಡಿದರೂ ಮಂಗನ ಕಾಯಿಲೆಗೆ ಪಾಸ್‌ಪೋರ್ಟ್ ಬೇಕೆಂದು ಯಾರೂ ಕೇಳಲಾರರು, ಏಕೆಂದರೆ ಅದು ಉಣುಗಿನಿಂದ ಬರುತ್ತದೆ, ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ನಮ್ಮ ತಾಲ್ಲೂಕಿನ ಅರಳಗೋಡಿನಿಂದ ಬಸ್ಸು ಹತ್ತಿದವನು ಶಿವಮೊಗ್ಗದಲ್ಲಿ ಇನ್ನೊಬ್ಬನಿಗೆ ಅದನ್ನು ಅಂಟಿಸಲಾರ.

ಹೀಗಾಗಿ ಲಸಿಕೆ ಪಾಸ್‌ಪೋರ್ಟಿನ ವಿಷಯದಲ್ಲಿ ಕೇಳಬೇಕಾದದ್ದು ಲಸಿಕೆ ಪಡೆದ ಪ್ರಯಾಣಿಕ ರೋಗವನ್ನು ಒಯ್ಯುವುದು ನಿಲ್ಲುತ್ತದೆಯೇ ಎಂಬುದು. ಹಳದಿ ಜ್ವರದ ಲಸಿಕೆಯ ಒಂದೇ ಡೋಸ್ ಬಹುತೇಕ ಎಲ್ಲರಿಗೂ ದೀರ್ಘಕಾಲದ ರಕ್ಷಣೆ ಕೊಡುತ್ತದೆ. ನಮ್ಮಲ್ಲಿ ಆ ರೋಗ ಇಲ್ಲ, ಆದರೆ ಹರಡಬಲ್ಲ ಸೊಳ್ಳೆ ಇದೆ. ಆದ್ದರಿಂದ ರೋಗವಿರುವ ಆಫ್ರಿಕಾ, ದಕ್ಷಿಣ ಅಮೆರಿಕದ ದೇಶಗಳಿಂದ ಪ್ರಮಾಣಪತ್ರವಿಲ್ಲದೆ ಬಂದವರನ್ನು ಭಾರತವೇ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುತ್ತದೆ, ಅದಕ್ಕೆ ನಮ್ಮಲ್ಲಿ ಯಾರ ತಕರಾರೂ ಇಲ್ಲ. ಕೋವಿಡ್ ಲಸಿಕೆಗಳು ತೀವ್ರ ಕಾಯಿಲೆ ಮತ್ತು ಸಾವನ್ನು ಚೆನ್ನಾಗಿ ತಡೆದವು, ಆದರೆ ಒಮಿಕ್ರಾನ್ ಬಂದ ಮೇಲೆ ಸೋಂಕನ್ನು ತಡೆಯುವ ಶಕ್ತಿ ಬಹಳ ಕುಗ್ಗಿತು. ಡೆಲ್ಟಾಕ್ಕೆ ಮುಂಚೆ ಅಂಥ ಪಾಸ್‌ಪೋರ್ಟಿಗೆ ಸ್ವಲ್ಪ ಸಮರ್ಥನೆ ಇತ್ತೆಂದು ನಾನು ಒಪ್ಪುತ್ತೇನೆ. 2022ರ ನಂತರ ಇರಲಿಲ್ಲ, ಆದರೂ ಯುರೋಪಿನ ಡಿಜಿಟಲ್ ಪ್ರಮಾಣಪತ್ರದ ಕಾನೂನು 2023ರ ಜೂನ್ 30ರವರೆಗೆ ಉಳಿದುಕೊಂಡಿತು.